ಊರೂ ಚಂದಕವಾಡಿ, ಹೋಬಳಿಯೂ ಚಂದಕವಾಡಿ

ಮೈಸೂರು ನಗರ, ಚಾಮರಾಜನಗರ. ಎರಡರಲ್ಲೂ ಕೊನೆಗೆ 'ನಗರ' ಇದೆ, ಎರಡರಲ್ಲೂ ಮೊದಲಿಗೆ ಒಂದು ಹೆಸರಿದೆ. ಆದರೂ ವ್ಯಾಕರಣದ ದೃಷ್ಟಿಯಿಂದ ಇವೆರಡಕ್ಕೂ ಬಹಳ ಅಂತರ. ಮೈಸೂರು ಎಂದರೇ ಆ ನಗರ. ಚಾಮರಾಜ ಎಂಬುದು ನಗರವಲ್ಲ. ಒಬ್ಬ ದೊರೆಯ ಹೆಸರು. ಅರಿಕುಠಾರವೆಂದು ಕರೆಸಿಕೊಳ್ಳುತ್ತಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆ ಚಾಮರಾಜ ಒಡೆಯರ ಹೆಸರನ್ನಿಟ್ಟರು. ತಂದೆ ಹುಟ್ಟಿದ ಊರು ಅದು. ಆದ್ದರಿಂದ 'ಚಾಮರಾಜನ ನಗರ' ಎಂದು ಬಿಡಿಸಬೇಕು. 'ಮೈಸೂರಿನ ನಗರ' ಎಂದು ಬಿಡಿಸಿದರೆ ಮಾತ್ರ ತಪ್ಪಾಗುತ್ತದೆ.

ಪಕ್ಕದ ತಾಲ್ಲೂಕಿಗೆ ಹೋದರೆ ಇನ್ನೂ ಒಳ್ಳೆಯ ಜೋಡಿ ಸಿಗುತ್ತದೆ. ಗುಂಡ್ಲು ನದಿ, ಗುಂಡ್ಲುಪೇಟೆ. ಗುಂಡ್ಲು ಎಂಬುದೇ ನದಿ, ಮುಂದೆ ಹರಿದು ನಂಜನಗೂಡಿನ ಬಳಿ ಕಬಿನಿಯನ್ನು ಸೇರುತ್ತದೆ. ಆದರೆ ಗುಂಡ್ಲು ಎಂಬುದೇ ಪೇಟೆಯಲ್ಲ. ಗುಂಡ್ಲು ಹೊಳೆಯ ದಡದ ಪೇಟೆ. ಹೆಸರು ಒಂದೇ, ಅದು ನಿಂತ ಜಾಗವೂ ಒಂದೇ. ಮುಂದಿನ ಪದದೊಡನೆ ಅದಕ್ಕಿರುವ ನಂಟು ಮಾತ್ರ ಬೇರೆ.

ಒಂದೇ ವಸ್ತುವನ್ನು ಅಥವಾ ಒಬ್ಬನೇ ವ್ಯಕ್ತಿಯನ್ನು ಹೇಳುವ ಎರಡು ನಾಮಪದಗಳು ಅಕ್ಕಪಕ್ಕ ನಿಂತಾಗ ಅವುಗಳ ಸಂಬಂಧವನ್ನು ಪಂಡಿತರು ಸಮಾನಾಧಿಕರಣ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ. 'ಎರಡು ಪದ, ಆಧಾರ ಒಂದೇ' ಎಂದಷ್ಟೇ ಅದರ ಅರ್ಥ. ಪ್ರೌಢಶಾಲೆಯ ವ್ಯಾಕರಣದಲ್ಲಿ ಇದು ಕರ್ಮಧಾರಯ ಸಮಾಸದ ಪಾಠದೊಳಗೆ ಸೇರಿಕೊಂಡಿದೆ. 'ವಿಂಧ್ಯವೆಂಬ ಪರ್ವತ, ವಿಂಧ್ಯಪರ್ವತ' ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಬಾಯಿಪಾಠವೇನೋ ಆಗುತ್ತದೆ, ಆ 'ಎಂಬ' ಅಲ್ಲಿ ಏಕೆ ಬಂತೆಂದು ಕೇಳುವವರು ಕಡಿಮೆ.

ಪ್ರಯೋಗಾಲಯದಲ್ಲಿ ಲಿಟ್ಮಸ್ ಕಾಗದ ಮಾಡುವ ಕೆಲಸವನ್ನು ಇಲ್ಲಿ 'ಎಂಬ' ಮಾಡುತ್ತದೆ. ಎರಡು ಪದಗಳ ನಡುವೆ ಅದನ್ನು ಅದ್ದಿ ನೋಡಿ. ಸುವರ್ಣಾವತಿ ಎಂಬ ನದಿ: ಸರಿಯಾಗಿದೆ. ಬಂಡೀಪುರ ಎಂಬ ಅಭಯಾರಣ್ಯ: ಸರಿಯಾಗಿದೆ. ಗುಂಡ್ಲು ಎಂಬ ಪೇಟೆ: ಸುಳ್ಳು. ಚಾಮರಾಜ ಎಂಬ ನಗರ: ಅದೂ ಸುಳ್ಳು. 'ಎಂಬ' ಒಪ್ಪದ ಕಡೆ 'ಅ' ಅಥವಾ 'ಇನ' ಸೇರಿಸಿದರೆ ಹೊಂದಿಕೊಳ್ಳುತ್ತದೆಯೇ ಎಂದು ನೋಡಬೇಕು. ಹೊಂದಿದರೆ ಅದು ಷಷ್ಠಿಯ ಸಂಬಂಧ, ತತ್ಪುರುಷದ ಮನೆ.

ಬೆಟ್ಟಗಳ ಹೆಸರು ಈ ಪರೀಕ್ಷೆಗೆ ಒಳ್ಳೆಯ ಸಾಮಗ್ರಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಷಷ್ಠಿ ಬಹಿರಂಗವಾಗಿಯೇ ಇದೆ: ರಂಗನ ಬೆಟ್ಟ. ಗೋಪಾಲಸ್ವಾಮಿ ಬೆಟ್ಟದಲ್ಲಿ ಅದು ಕಾಣುವುದಿಲ್ಲ, ಆದರೆ ಅರ್ಥದಲ್ಲಿದೆ. ಮಲೆಮಹದೇಶ್ವರ ಬೆಟ್ಟವೂ ಹಾಗೆಯೇ. ಬರವಣಿಗೆಯಲ್ಲಿ ಮಹದೇಶ್ವರ ಬೆಟ್ಟ ಎಂದು ಬರೆದರೂ, ಕಾಲ್ನಡಿಗೆಯಲ್ಲಿ ಹೊರಟ ಪರಿಷೆಯವರ ಬಾಯಲ್ಲಿ ಅದು 'ಮಾದಪ್ಪನ ಬೆಟ್ಟ'ವೇ. ಕಾಗದ ನುಂಗಿದ ಪ್ರತ್ಯಯವನ್ನು ನಾಲಗೆ ಉಳಿಸಿಕೊಂಡಿದೆ. (ಬೆಟ್ಟವನ್ನೇ ದೇವರೆಂದು ಕೈಮುಗಿಯುವ ಭಕ್ತನಿಗೆ ಈ ಲಿಟ್ಮಸ್ ಪರೀಕ್ಷೆ ಅನ್ವಯಿಸುವುದಿಲ್ಲ. ಅವನ ಪಾಲಿಗೆ ಎರಡೂ ಒಂದೇ.)

ಇನ್ನು ಚಂದಕವಾಡಿಯ ವಿಷಯ. ಚಾಮರಾಜನಗರ ತಾಲ್ಲೂಕಿನಲ್ಲಿ ಹರದನಹಳ್ಳಿ, ಹರವೆ, ಸಂತೇಮರಹಳ್ಳಿಗಳಂತೆ ಚಂದಕವಾಡಿಯೂ ಒಂದು ಹೋಬಳಿ ಕೇಂದ್ರ. ಹಾಗಾಗಿ ಆ ಊರಿನ ರೈತನ ಕಾಗದಪತ್ರಗಳಲ್ಲಿ ವಿಳಾಸ ಹೀಗಿರುತ್ತದೆ: ಚಂದಕವಾಡಿ ಗ್ರಾಮ, ಚಂದಕವಾಡಿ ಹೋಬಳಿ, ಚಾಮರಾಜನಗರ ತಾಲ್ಲೂಕು, ಚಾಮರಾಜನಗರ ಜಿಲ್ಲೆ. ಎರಡೇ ಹೆಸರು, ನಾಲ್ಕು ಸ್ಥಳ. ಹೊಸಬರಿಗೆ ಮುದ್ರಣದೋಷದಂತೆ ಕಾಣಬಹುದು; ಅಲ್ಲ.

'ಚಂದಕವಾಡಿ ಗ್ರಾಮ' ಎಂದಾಗ ಚಂದಕವಾಡಿಯೇ ಆ ಗ್ರಾಮ, ಸಂಶಯವಿಲ್ಲ. 'ಚಂದಕವಾಡಿ ಹೋಬಳಿ' ಎಂದಾಗ? ಹೋಬಳಿಯ ಹೆಸರೂ ಚಂದಕವಾಡಿಯೇ ಎನ್ನಬಹುದು, ಆಗ ಸಮಾನಾಧಿಕರಣ. ಚಂದಕವಾಡಿಯನ್ನು ಕೇಂದ್ರವಾಗಿ ಉಳ್ಳ ಹೋಬಳಿ ಎನ್ನಬಹುದು; ಆಗ ಷಷ್ಠಿ. ಎರಡಕ್ಕೂ ಆಧಾರವಿದೆ. ಕಂದಾಯ ಇಲಾಖೆಯ ದಾಖಲೆಯಲ್ಲಿ ಅದು ಹೋಬಳಿಯ ಹೆಸರು. ಅಕ್ಕಪಕ್ಕದ ಹಳ್ಳಿಯ ಮುದುಕರನ್ನು ಕೇಳಿದರೆ 'ನಮ್ಮೂರು ಚಂದಕವಾಡಿ ಹೋಬಳಿಗೆ ಸೇರಿದ್ದು' ಎನ್ನುತ್ತಾರೆಯೇ ಹೊರತು 'ನಮ್ಮೂರು ಚಂದಕವಾಡಿ' ಎನ್ನುವುದಿಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು, ಹಂಗಳ, ತೆರಕಣಾಂಬಿ ಹೋಬಳಿಗಳದ್ದೂ ಇದೇ ಕಥೆ.

ಇದು ಬರೀ ಪಂಡಿತರ ಚರ್ಚೆಯಲ್ಲ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಬಂದ ಮೇಲೆ ಕರ್ನಾಟಕದಲ್ಲಿ ಕೆಲವು ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನೂ ಇನ್ನು ಕೆಲವಕ್ಕೆ ಹೋಬಳಿಯನ್ನೂ ವಿಮೆಯ ಘಟಕವೆಂದು ಹಿಡಿಯುವ ಪದ್ಧತಿ ಇದೆ. ಘಟಕದ ಸರಾಸರಿ ಇಳುವರಿ ಕುಸಿದರೆ ಪರಿಹಾರ. ಒಬ್ಬನ ಹೊಲ ಒಣಗಿ ಸುತ್ತಲಿನ ಹೊಲಗಳು ಹಸಿರಾಗಿದ್ದರೆ ಸರಾಸರಿ ಕುಸಿಯುವುದಿಲ್ಲ. ಹಾಗಿರುವಾಗ 'ಚಂದಕವಾಡಿಯಲ್ಲಿ ಬೆಳೆ ಹೋಗಿದೆ' ಎಂಬ ಒಂದು ವಾಕ್ಯವನ್ನು ಊರೆಂದು ಓದುವುದೋ ಹೋಬಳಿಯೆಂದು ಓದುವುದೋ? ಪಕ್ಕದಲ್ಲಿ 'ಗ್ರಾಮ' ಅಥವಾ 'ಹೋಬಳಿ' ಎಂಬ ಎರಡನೆಯ ನಾಮಪದ ನಿಂತಾಗಲೇ ಮೊದಲನೆಯದರ ಗಡಿ ಗೊತ್ತಾಗುವುದು. ಅರ್ಜಿ ಬರೆಯುವವರು ಜಾಗ ಉಳಿಸಲು ಆ ಪದವನ್ನು ಬಿಡಬಾರದು.

ಈಗ ವಿಭಕ್ತಿಗೆ ಬರೋಣ. ಚಂದಕವಾಡಿ ಗ್ರಾಮದಲ್ಲಿ, ಕಬಿನಿ ನದಿಯಿಂದ, ರೈತ ಮಾದಯ್ಯನಿಗೆ. ಪದಗಳು ಎರಡಾದರೂ ಪ್ರತ್ಯಯ ಒಂದೇ, ಅದೂ ಕೊನೆಯ ಪದಕ್ಕೆ. ಎರಡು ಹೊರೆ ಸೌದೆಯನ್ನು ಒಟ್ಟಿಗಿಟ್ಟು ಒಂದೇ ಗಂಟು ಹಾಕಿದ ಹಾಗೆ. 'ಚಂದಕವಾಡಿಯಲ್ಲಿ ಗ್ರಾಮದಲ್ಲಿ' ಎಂದರೆ ಯಾರೂ ಒಪ್ಪುವುದಿಲ್ಲ. ಗೌರವದ ಬಹುವಚನವೂ ಹಾಗೆಯೇ ಕೊನೆಗೆ ಜಾರುತ್ತದೆ: ಶಿಕ್ಷಕಿ ಗೌರಮ್ಮ ಅವರಿಗೆ. ಮೊದಲ ಪದ 'ಶಿಕ್ಷಕಿ' ಏಕವಚನದಲ್ಲೇ ಇದ್ದರೂ ಅಗೌರವವಾಗಲಿಲ್ಲ. ಲಿಂಗ ಮಾತ್ರ ಹೀಗೆ ಜಾರಲು ಒಪ್ಪದು. 'ಶಿಕ್ಷಕ ಗೌರಮ್ಮ' ಎಂದರೆ ಕಿವಿಗೆ ಚುಚ್ಚುತ್ತದೆ. ಒಂದು ಪದವಿಗೆ ಸ್ತ್ರೀಲಿಂಗದ ರೂಪವೇ ಇಲ್ಲದಿದ್ದರೆ ಈ ತೊಡಕೂ ಇಲ್ಲ: ಪ್ರಧಾನಿ ಇಂದಿರಾ ಗಾಂಧಿ, ರಾಷ್ಟ್ರಪತಿ ದ್ರೌಪದಿ ಮುರ್ಮು.

ಎಲ್ಲ ಭಾಷೆಗಳೂ ಹೀಗಿಲ್ಲ. ಸಂಸ್ಕೃತದಲ್ಲಿ ಸಮಾಸ ಮಾಡದೆ ಬಿಡಿಯಾಗಿ ಹೇಳುವಾಗ ಎರಡು ಪದಕ್ಕೂ ಒಂದೇ ವಿಭಕ್ತಿ ಹಾಕಬೇಕು: ದಶರಥಸ್ಯ ರಾಜ್ಞಃ. ದೂರದ ಯೂರೋಪಿನ ಕ್ರೊಯೇಷಿಯಾದ ಭಾಷೆಯೂ ಇದೇ ದಾರಿಯದು. 2018ರ ವಿಶ್ವಕಪ್ ಫುಟ್‌ಬಾಲ್ ಫೈನಲ್‌ನಲ್ಲಿ ಫ್ರಾನ್ಸ್ ಎದುರು ಸೋತ ಆ ಪುಟ್ಟ ದೇಶ ಅನೇಕ ಹುಡುಗರಿಗೆ ಗೊತ್ತು. ಅವರ ಮಾತಿನಲ್ಲಿ ಏಳು ವಿಭಕ್ತಿಗಳು. 'ಗ್ರಾದ್' ಎಂದರೆ ನಗರ, ರಾಜಧಾನಿ ಝಾಗ್ರೆಬ್. 'ಝಾಗ್ರೆಬ್ ನಗರದಲ್ಲಿ' ಎನ್ನಲು ಅವರು 'ಉ ಗ್ರಾದು ಝಾಗ್ರೆಬು' ಎನ್ನುತ್ತಾರೆ. ನಗರಕ್ಕೂ ಸಪ್ತಮಿ, ಝಾಗ್ರೆಬಿಗೂ ಸಪ್ತಮಿ. ಆ ಊರಿನ ನದಿ ಸಾವಾ. 'ಸಾವಾ ನದಿಯ ಮೇಲೆ' ಎನ್ನಲು 'ನಾ ರಿಯೆತ್ಸಿ ಸಾವಿ'. ನದಿ ಎಂಬರ್ಥದ 'ರಿಯೆಕಾ' ರೂಪ ಬದಲಿಸಿತು, ಜೊತೆಗೆ ಸಾವಾ ಕೂಡ ಬದಲಿಸಿತು. ಸಾಮಾನ್ಯ ಪದ ಮೊದಲು, ಹೆಸರು ಆಮೇಲೆ, ಕನ್ನಡಕ್ಕೆ ತದ್ವಿರುದ್ಧ.

ಆದರೆ ಅಲ್ಲಿಯೂ ಒಂದು ಸ್ವಾರಸ್ಯವಿದೆ. ಪುಸ್ತಕ, ಪತ್ರಿಕೆಗಳ ಹೆಸರು ಹಿಂದೆ ಬಂದಾಗ ಹೆಸರನ್ನು ಮುಟ್ಟದೆ ಹಾಗೆಯೇ ಬಿಡುತ್ತಾರೆ. 1952ರಿಂದ ಬರುತ್ತಿರುವ, ಭಾಷೆಗೇ ಮೀಸಲಾದ 'ಯೆಜಿಕ್' ಎಂಬ ಪತ್ರಿಕೆ ಅವರಲ್ಲಿದೆ. ಆ ಹೆಸರಿನ ಅರ್ಥವೂ ಭಾಷೆ ಎಂದೇ. 'ಯೆಜಿಕ್ ಪತ್ರಿಕೆಯಲ್ಲಿ' ಎನ್ನುವಾಗ 'ಉ ಚಾಸೊಪಿಸು ಯೆಜಿಕ್'. ಪತ್ರಿಕೆ ಎಂಬರ್ಥದ ಪದ ವಿಭಕ್ತಿಯ ಭಾರ ಹೊತ್ತಿತು, ಹೆಸರು ಹಗುರಾಗಿ ಉಳಿಯಿತು.

ಕನ್ನಡಿಗರಿಗೆ ಈ ಉಪಾಯ ಹೊಸದಲ್ಲ. ಕುವೆಂಪು ಅವರ 1967ರ ಕಾದಂಬರಿಯ ಹೆಸರು 'ಮಲೆಗಳಲ್ಲಿ ಮದುಮಗಳು'. ಅದರೊಳಗೇ ಒಂದು ಸಪ್ತಮಿ ಕೂತಿದೆ. ಆ ಹೆಸರಿಗೆ ಮತ್ತೆ 'ಅಲ್ಲಿ' ಹಚ್ಚಲು ಹೊರಟರೆ 'ಮದುಮಗಳಲ್ಲಿ' ಎಂದಾಗಿ ವಧುವಿನ ಬಗ್ಗೆ ಮಾತಾಡಿದಂತಾಗುತ್ತದೆ. 'ಮಲೆಗಳಲ್ಲಿ ಮದುಮಗಳು ಕಾದಂಬರಿಯಲ್ಲಿ' ಎಂದು ಒಂದು ನಾಮಪದ ಜೊತೆಗಿಟ್ಟರೆ ಆಯಿತು. ಹೆಸರು ಕೆಡಲಿಲ್ಲ, ವಾಕ್ಯವೂ ನಡೆಯಿತು.

ಇಂಗ್ಲಿಷ್ ಮಾಧ್ಯಮದ ಮಕ್ಕಳು ಇಲ್ಲಿ ಎಡವುವುದುಂಟು. 'ದಿ ಸಿಟಿ ಆಫ್ ಮೈಸೂರು' ಎಂಬುದರ 'ಆಫ್' ಕಣ್ಣಿಗೆ ಬಿದ್ದೊಡನೆ 'ಮೈಸೂರಿನ ನಗರ' ಎಂದು ಬರೆಯುತ್ತಾರೆ. 'ಕಾವೇರಿಯ ನದಿ' ಎಂದೂ ಬರೆದಾರು. ಕಾವೇರಿಯ ನೀರು ಇದೆ, ಕಾವೇರಿಯ ದಡ ಇದೆ, ಕಾವೇರಿಯ ನದಿ ಇಲ್ಲ. ಕಾವೇರಿಯೇ ನದಿ.

'ಎಂಬ' ಇರುವಲ್ಲಿ 'ಆದ' ಕೂಡ ಬರುತ್ತದಲ್ಲವೇ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ರಾಮನೆಂಬ ರಾಜ, ರಾಜನಾದ ರಾಮ. ಎರಡೂ ಸರಿ, ಎರಡರಲ್ಲೂ ಒಬ್ಬನೇ ಮನುಷ್ಯ. ಆದರೆ ಪದಗಳ ಸ್ಥಾನ ನೋಡಿ: 'ಎಂಬ' ಬಂದರೆ ಹೆಸರು ಮೊದಲು, 'ಆದ' ಬಂದರೆ ಹೆಸರು ಕೊನೆಗೆ. ತಿರುಗಿಸಿ 'ರಾಜನೆಂಬ ರಾಮ' ಎಂದರೆ ರಾಜ ಎಂದು ಯಾರೋ ಕರೆಯುವ ರಾಮನಾಗುತ್ತಾನೆ. ಕಾರಣ ಸರಳ. 'ಎಂಬ' ಎಂದರೆ 'ಎನ್ನುವ'. ಕೇಳುವವನಿಗೆ ಹೆಸರೇ ಗೊತ್ತಿಲ್ಲದಾಗ ಅದನ್ನು ಪರಿಚಯ ಮಾಡಿಕೊಡುವ ಪದ ಅದು. 'ಆದ' ಎಂಬುದು ಹೆಸರು ಗೊತ್ತಿರುವವನ ಬಗ್ಗೆ ಒಂದು ಮಾಹಿತಿ ಸೇರಿಸುವ ಪದ.

ಆದ್ದರಿಂದಲೇ 'ಎಂಬ' ಪದಕ್ಕೆ ಒಂದು ಸಾಮಾಜಿಕ ತೂಕವಿದೆ. ತಾಳವಾಡಿ ಕಡೆಯ ಗಾಜನೂರಿನ ಮುತ್ತುರಾಜ ಎಂಬ ಯುವಕ 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದ ನಾಯಕನಾದ. ಈ ವಾಕ್ಯದಲ್ಲಿ 'ಎಂಬ' ಚೆನ್ನಾಗಿದೆ. ಆಮೇಲೆ? 'ರಾಜಕುಮಾರ್ ಎಂಬ ನಟ' ಎಂದು ಕರ್ನಾಟಕದಲ್ಲಿ ಯಾರಾದರೂ ಬರೆದರೆ ಓದಿದವರು ನಕ್ಕಾರು, ಇಲ್ಲವೇ ಸಿಟ್ಟಾದಾರು. ವರನಟ ರಾಜಕುಮಾರ್ ಎಂದು ಎರಡು ಪದ ಬರಿದಾಗಿ ಅಂಟಿಕೊಂಡರೇ ಸರಿ. ಚಂದಕವಾಡಿಯಲ್ಲಿ ನಿಂತು 'ಚಂದಕವಾಡಿ ಎಂಬ ಊರು' ಎಂದರೂ ಅಷ್ಟೇ: 'ಯಾವೂರಪ್ಪ ನಿಂದು?' ಎಂಬ ಪ್ರಶ್ನೆ ಖಂಡಿತ.

ಸುದ್ದಿಗಳಲ್ಲಿ ಇದನ್ನು ಗಮನಿಸಬೇಕು. ಸಚಿವರ ಹೆಸರಿನ ಪಕ್ಕದಲ್ಲಿ ಎಂದೂ 'ಎಂಬ' ಬರುವುದಿಲ್ಲ. ಆನೆ ತುಳಿತಕ್ಕೆ ಸಿಕ್ಕಿದ ರೈತ 'ಎಂಬುವವರು' ಆಗುತ್ತಾನೆ. ಪೊಲೀಸರು ಹಿಡಿದವನು ವಿಚಾರಣೆಗೆ ಮೊದಲೇ 'ಎಂಬಾತ' ಆಗಿಬಿಡುತ್ತಾನೆ. ಅಪರಿಚಿತನನ್ನು ಪರಿಚಯಿಸುವುದು ತಪ್ಪಲ್ಲ. ಆದರೆ 'ಎಂಬುವವರು' ಮತ್ತು 'ಎಂಬಾತ'ಗಳ ನಡುವೆ ಒಂದು ತೀರ್ಪು ಅಡಗಿದೆ, ಅದನ್ನು ಕೊಟ್ಟದ್ದು ನ್ಯಾಯಾಲಯವಲ್ಲ.

ಇತ್ತೀಚೆಗೆ ಇನ್ನೊಂದು ಬಗೆಯ ವಾಕ್ಯ ಹೆಚ್ಚುತ್ತಿದೆ: 'ಚಾಮರಾಜನಗರ, ರಾಜ್ಯದ ದಕ್ಷಿಣ ತುದಿಯ ಜಿಲ್ಲೆ, 1997ರಲ್ಲಿ ಮೈಸೂರಿನಿಂದ ಬೇರೆಯಾಯಿತು.' ಎರಡು ಅಲ್ಪವಿರಾಮಗಳ ನಡುವೆ ವಿವರಣೆಯನ್ನು ತೂರಿಸುವ ಈ ರೀತಿ ಇಂಗ್ಲಿಷಿನಿಂದ ಬಂದದ್ದು. ಅರ್ಥವೇನೋ ಆಗುತ್ತದೆ, ಗಟ್ಟಿಯಾಗಿ ಓದಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. 'ರಾಜ್ಯದ ದಕ್ಷಿಣ ತುದಿಯ ಜಿಲ್ಲೆಯಾದ ಚಾಮರಾಜನಗರ 1997ರಲ್ಲಿ ಮೈಸೂರಿನಿಂದ ಬೇರೆಯಾಯಿತು' ಎಂದರೆ ವಾಕ್ಯ ತಡವರಿಸದೆ ಸಾಗುತ್ತದೆ. ಒಂದು 'ಆದ' ಎರಡು ಅಲ್ಪವಿರಾಮಗಳ ಕೆಲಸ ಮಾಡಿತು. ಪ್ರಬಂಧ ಬರೆಯುವ ಮಕ್ಕಳು ಇದನ್ನು ರೂಢಿಸಿಕೊಂಡರೆ ಒಳ್ಳೆಯದು.

ಕನ್ನಡಿಗರ ಹೆಸರುಗಳೊಳಗೇ ಈ ಸಂಬಂಧ ಮನೆಮಾಡಿಕೊಂಡಿದೆ. ಬಸವಣ್ಣ ಎಂದರೆ ಬಸವ ಮತ್ತು ಅಣ್ಣ. ಇಬ್ಬರಲ್ಲ, ಬಸವನೇ ಅಣ್ಣ. ಮಾದಪ್ಪ, ಸಿದ್ದಯ್ಯ, ಗೌರಮ್ಮ ಎಲ್ಲವೂ ಹೀಗೆಯೇ. ಅಕ್ಕಮಹಾದೇವಿಯಲ್ಲಿ ಮಾತ್ರ ನಂಟಿನ ಪದ ಮುಂದೆ ಬಂದಿದೆ.

ಈಗ ಕಷ್ಟದ ಭಾಗ. 'ಅಪ್ಪ ಸಿದ್ದಯ್ಯನಿಗೆ' ಎಂದರೆ ಒಬ್ಬರು. 'ಅಪ್ಪ ಅಮ್ಮನಿಗೆ' ಎಂದರೆ ಇಬ್ಬರು. ರಚನೆ ಎರಡರಲ್ಲೂ ಒಂದೇ: ಎರಡು ನಾಮಪದ, ಕೊನೆಗೆ ಒಂದೇ ಪ್ರತ್ಯಯ. ಮೊದಲನೆಯದು ಕರ್ಮಧಾರಯದ ಜಾತಿ, ಎರಡನೆಯದು ದ್ವಂದ್ವ. ಲೋಕಜ್ಞಾನ ಇರುವುದರಿಂದ ಮನೆಮಾತಿನಲ್ಲಿ ಗೊಂದಲವಾಗುವುದಿಲ್ಲ. ಕಾಗದದ ಮೇಲೆ ಆಗುತ್ತದೆ.

ಒಂದು ಹಳೆಯ ಪತ್ರದಲ್ಲಿ ಹೀಗೆ ಬರೆದಿದೆ ಎಂದಿಟ್ಟುಕೊಳ್ಳಿ: 'ಸದರಿ ಜಮೀನನ್ನು ನನ್ನ ತಂಗಿ ಗೌರಮ್ಮ ಮಗಳು ಪುಟ್ಟತಾಯಮ್ಮ ಇವರಿಗೆ ಕೊಟ್ಟಿರುತ್ತೇನೆ.' ಪಡೆದವರು ಎಷ್ಟು ಜನ? 'ತಂಗಿಯಾದ ಗೌರಮ್ಮ, ಮಗಳಾದ ಪುಟ್ಟತಾಯಮ್ಮ' ಎಂದರೆ ಇಬ್ಬರು, ಇಬ್ಬರಿಗೂ ಪಾಲು. 'ತಂಗಿ ಗೌರಮ್ಮನ ಮಗಳು ಪುಟ್ಟತಾಯಮ್ಮ' ಎಂದರೆ ಒಬ್ಬಳೇ, ಅದೂ ಬೇರೆ ಮನೆಯ ಹುಡುಗಿ. 'ಇವರಿಗೆ' ಎಂಬುದು ಬಹುವಚನವೂ ಹೌದು, ಗೌರವವೂ ಹೌದು. ಅದು ಸಾಕ್ಷಿ ಹೇಳುವುದಿಲ್ಲ. ಒಂದು 'ನ' ಬಿಟ್ಟುಹೋದದ್ದಕ್ಕೆ, ಅಥವಾ ಒಂದು 'ಮತ್ತು' ಬರೆಯದಿದ್ದದ್ದಕ್ಕೆ, ಎರಡು ಮನೆಯವರು ವಕೀಲರ ಬಾಗಿಲು ಕಾಯಬೇಕಾದೀತು.

ಕಂದಾಯದ ದಾಖಲೆ ಬರೆಯುವವರು ಈ ಅಪಾಯವನ್ನು ಅರಿತೇ ಕೆಲವು ಗುರುತಿನ ಪದಗಳನ್ನು ಇಟ್ಟುಕೊಂಡರು. 'ಮಾದಯ್ಯ ಬಿನ್ ಸಿದ್ದಯ್ಯ' ಎಂದರೆ ಸಿದ್ದಯ್ಯನ ಮಗ ಮಾದಯ್ಯ. 'ಗೌರಮ್ಮ ಕೋಂ ಸಿದ್ದಯ್ಯ' ಎಂದರೆ ಸಿದ್ದಯ್ಯನ ಹೆಂಡತಿ ಗೌರಮ್ಮ. ಇವೆರಡೂ ಇಬ್ಬರು ವ್ಯಕ್ತಿಗಳ ನಡುವಿನ ಸಂಬಂಧ ಹೇಳುತ್ತವೆ. 'ಚಿಕ್ಕಣ್ಣ ಉರುಫ್ ಮಾದಯ್ಯ' ಎಂದಾಗ ಮಾತ್ರ ಒಬ್ಬನೇ ವ್ಯಕ್ತಿ, ಹೆಸರು ಎರಡು. ಅಂದರೆ 'ಉರುಫ್' ಎಂಬುದು ಸಮಾನಾಧಿಕರಣದ ಸರಕಾರಿ ಮುದ್ರೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್ ಚೀಟಿಯಲ್ಲಿ ಇನ್ನೊಂದು ಹೆಸರು ಬಂದಾಗ ಪೋಷಕರು ನೋಟರಿಯ ಬಳಿ ಹೋಗಿ 'ಈ ಎರಡೂ ಹೆಸರಿನವರು ಒಬ್ಬರೇ' ಎಂದು ಪ್ರಮಾಣಪತ್ರ ಮಾಡಿಸುತ್ತಾರಲ್ಲ, ಅದೂ ಇದೇ ಪಾಠ. ಶುಲ್ಕ ಮಾತ್ರ ಹೆಚ್ಚು.

ವಿಜ್ಞಾನದ ಪುಸ್ತಕದಲ್ಲಿಯೂ ಈ ಕಣ್ಣು ಬೇಕು. ಶುಕ್ರ ಗ್ರಹದಲ್ಲಿ ಶುಕ್ರವೇ ಗ್ರಹ, ತಾಮ್ರ ಲೋಹದಲ್ಲಿ ತಾಮ್ರವೇ ಲೋಹ. ಗಂಧಕಾಮ್ಲದಲ್ಲಿ ಗಂಧಕವೇ ಆಮ್ಲವಲ್ಲ. ಗಂಧಕ ಹಳದಿ ಬಣ್ಣದ ಘನವಸ್ತು. ಅದರಿಂದ ಮಾಡಿದ್ದು ಆಮ್ಲ. ಸೂರ್ಯಗ್ರಹಣದಲ್ಲಿ ಸೂರ್ಯ ಗ್ರಹಣವಲ್ಲ, ಗ್ರಹಣಕ್ಕೆ ಸಿಕ್ಕವನು. ಹ್ಯಾಲಿ ಧೂಮಕೇತುವಿನದು ಚಂದಕವಾಡಿ ಹೋಬಳಿಯಂಥದ್ದೇ ನಡುವಿನ ಸ್ಥಿತಿ. ಎಡ್ಮಂಡ್ ಹ್ಯಾಲಿ 1742ರಲ್ಲಿ ತೀರಿಕೊಂಡ. ಅವನು ಲೆಕ್ಕ ಹಾಕಿದ್ದಂತೆ ಧೂಮಕೇತು 1758ರಲ್ಲಿ ಮತ್ತೆ ಕಾಣಿಸಿತು. ಮೊದಮೊದಲು ಅದು 'ಹ್ಯಾಲಿಯ' ಧೂಮಕೇತು. ಬಳಸಿ ಬಳಸಿ ಈಗ ಧೂಮಕೇತುವೇ ಹ್ಯಾಲಿ ಆಗಿದೆ. 1986ರಲ್ಲಿ 'ಹ್ಯಾಲಿ ಬಂತು' ಎಂದರು. ಯಾರೂ ಮನುಷ್ಯ ಬಂದನೆಂದು ತಿಳಿಯಲಿಲ್ಲ. 2061ರಲ್ಲಿ ಅದು ಮತ್ತೆ ಬಂದಾಗ ಇಂದಿನ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ನೋಡುತ್ತಾರೆ.

ಅಳತೆಯ ಮಾತೂ ಇದೇ ನೆರೆಯದು. 'ಒಂದು ಲೋಟ ನೀರು' ಎಂದರೆ ನೀರು. 'ನೀರಿನ ಲೋಟ' ಎಂದರೆ ಲೋಟ, ಅದು ಖಾಲಿಯೂ ಇರಬಹುದು. 'ಎರಡು ಸೇರು ರಾಗಿಯನ್ನು ಬೀಸು' ಎಂದಾಗ ಪ್ರತ್ಯಯ ರಾಗಿಗೆ ಬಿತ್ತು, ಏಕೆಂದರೆ ಬೀಸುವುದು ಸೇರನ್ನಲ್ಲ.

ಕಡೆಯದಾಗಿ ರಜಾ ಚೀಟಿ. ಹಾಳೆಯ ಮೇಲ್ಭಾಗದಲ್ಲಿ 'ಇಂದ,' ಎಂದು ಬರೆದು ಅದರ ಕೆಳಗೆ ಹುಡುಗನ ಹೆಸರು, ಹತ್ತನೆಯ ತರಗತಿ, ಪ್ರೌಢಶಾಲೆ, ಚಂದಕವಾಡಿ. ಆಮೇಲೆ 'ಇವರಿಗೆ,' ಎಂದು ಬರೆದು ಕೆಳಗೆ ಮುಖ್ಯೋಪಾಧ್ಯಾಯರು, ಪ್ರೌಢಶಾಲೆ, ಚಂದಕವಾಡಿ. ಕೆಲವರು ಪರೀಕ್ಷೆಯಲ್ಲಿ 'ಮುಖ್ಯೋಪಾಧ್ಯಾಯರಿಗೆ, ಪ್ರೌಢಶಾಲೆಗೆ, ಚಂದಕವಾಡಿಗೆ' ಎಂದು ಸಾಲುಸಾಲಿಗೂ ಚತುರ್ಥಿ ಹಚ್ಚುತ್ತಾರೆ. ಪತ್ರ ಮೂರು ವಿಳಾಸಕ್ಕೆ ಹೊರಟಂತೆ ಕಾಣುತ್ತದೆ. 'ಇವರಿಗೆ' ಒಮ್ಮೆ ಬಂದರೆ ಕೆಳಗಿನ ಸಾಲುಗಳೆಲ್ಲ ಅದರ ನೆರಳಿನಲ್ಲಿ ಬರಿದಾಗಿ ನಿಲ್ಲಬಹುದು. ಇನ್ನು 'ಇಂದ' ಎಂಬುದಂತೂ ಬರೀ ಪ್ರತ್ಯಯ; ಅದರ ಹಿಂದೆ ಯಾವ ನಾಮಪದವೂ ಇಲ್ಲ, ಇರಬೇಕಾದದ್ದೆಲ್ಲ ಕೆಳಗಿದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವೊಂದು ಹೀಗೆ ಒಂಟಿಯಾಗಿ, ಅಲ್ಪವಿರಾಮವನ್ನು ಪಕ್ಕಕ್ಕಿಟ್ಟುಕೊಂಡು ನಿಲ್ಲುವುದು ಈ ಚೀಟಿಯಂಥ ಪತ್ರಗಳಲ್ಲೇ.